ರಕ್ತಹೀನತೆ ಮತ್ತು ಹೆಣ್ಣುಮಕ್ಕಳ ಓದು: ಸ್ತ್ರೀರೋಗ ತಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕಿ: ಕಲ್ಯಾಣ ಕರ್ನಾಟಕದ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸೇವೆ ಸಲ್ಲಿಸುತ್ತಿರುವ ಸ್ತ್ರೀರೋಗ ತಜ್ಞೆಯೊಬ್ಬರು ಈ ವಾರ ನಮ್ಮ ಗುಂಪಿನ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಎಂದಿನಂತೆ ಯಾರೂ ಹೆಸರು ಬರೆಯಬೇಕಿಲ್ಲ, ಊರು ಅಥವಾ ವೃತ್ತಿಯನ್ನು ತಿಳಿಸಿದರೆ ಸಾಕು. ಮಕ್ಕಳ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ದಯವಿಟ್ಟು ಹಾಕಬೇಡಿ. ಬೇರೆ ಗುಂಪುಗಳಿಂದ ಬಂದ ಮನೆಮದ್ದಿನ ಸಂದೇಶಗಳನ್ನು ಇಲ್ಲಿಗೆ ಕಳುಹಿಸಬಾರದೆಂದು ಮತ್ತೊಮ್ಮೆ ವಿನಂತಿ.

ತಾಯಿ, ಗಂಗಾವತಿ: ನಮಸ್ಕಾರ ಡಾಕ್ಟರ್ ಮೇಡಂ. ನನ್ನ ಮಗಳಿಗೆ ಹದಿನಾರು ವರ್ಷ, ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಹಿಮೋಗ್ಲೋಬಿನ್ 9.8 ಇದೆ ಎಂದು ವರದಿ ಬಂದಿದೆ. ವಾರಕ್ಕೊಮ್ಮೆ ನೀಲಿ ಮಾತ್ರೆ ಕೊಡುತ್ತಿದ್ದರು. ಅದನ್ನು ನುಂಗಿದ ದಿನ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗೆ ಹೋಗುತ್ತದೆ ಎಂದು ಅವಳೇ ಬಿಟ್ಟುಬಿಟ್ಟಳು. ಬೇರೆ ಏನಾದರೂ ಕೊಡಬಹುದೇ?

ವೈದ್ಯೆ: ನಮಸ್ಕಾರ ಅಮ್ಮಾ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಂಡವರಿಗೆ ಮಲ ಕಪ್ಪಾಗುವುದು ಸಹಜ, ಅದರಿಂದ ತೊಂದರೆಯಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಕೆಲವರಿಗೆ ವಾಕರಿಕೆ ಬರುತ್ತದೆ. ಊಟವಾದ ಒಂದು ಗಂಟೆಯ ನಂತರ, ಸಾಧ್ಯವಾದರೆ ನಿಂಬೆ ಹಣ್ಣಿನ ಪಾನಕದೊಂದಿಗೆ ಕೊಡಿ. ಚಹಾ, ಕಾಫಿ, ಹಾಲು ಇವುಗಳಿಗೂ ಮಾತ್ರೆಗೂ ನಡುವೆ ಎರಡು ಗಂಟೆಯಾದರೂ ಅಂತರವಿರಲಿ, ಏಕೆಂದರೆ ಅವು ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತವೆ. ಇನ್ನೊಂದು ಮುಖ್ಯ ವಿಷಯವಿದೆ. ವಾರಕ್ಕೊಂದು ಮಾತ್ರೆ ಇರುವುದು ರಕ್ತಹೀನತೆ ಬಾರದಂತೆ ತಡೆಯಲು. ಈ ವಯಸ್ಸಿನ ಹುಡುಗಿಗೆ ಹಿಮೋಗ್ಲೋಬಿನ್ ನೂರು ಮಿಲಿಲೀಟರ್ ರಕ್ತಕ್ಕೆ 12 ಗ್ರಾಂ ಇರಬೇಕು. 9.8 ಇರುವವಳಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ದಿನವೂ, ಕಡಿಮೆಯೆಂದರೆ ಮೂರು ತಿಂಗಳು ಕೊಡಬೇಕಾಗುತ್ತದೆ. ನಿಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್ ಇದ್ದರೆ ಅಲ್ಲಿಗೆ ಕರೆದುಕೊಂಡು ಹೋಗಿ, ಜಂತುಹುಳುವಿನ ಮಾತ್ರೆಯನ್ನೂ ಕೇಳಿ ಪಡೆಯಿರಿ.

ಸದಸ್ಯರು, ಶಿವಮೊಗ್ಗ: ಎಲ್ಲ ತಾಯಂದಿರಿಗೂ ಉಪಯೋಗವಾಗಲೆಂದು ಬೇರೊಂದು ಗುಂಪಿನಲ್ಲಿ ಬಂದದ್ದನ್ನು ಹಾಕುತ್ತಿದ್ದೇನೆ. ಒಂದು ಬೀಟ್‌ರೂಟ್, ನಾಲ್ಕು ಖರ್ಜೂರ, ಒಂದು ತುಂಡು ಬೆಲ್ಲ ಇವನ್ನು ಹಾಲಿನಲ್ಲಿ ಅರೆದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಏಳು ದಿನ ಕುಡಿದರೆ ಹಿಮೋಗ್ಲೋಬಿನ್ ನಾಲ್ಕು ಅಂಶ ಏರುತ್ತದೆ. ಯಾವ ಮಾತ್ರೆಯ ಅಗತ್ಯವೂ ಇಲ್ಲ.

ವೈದ್ಯೆ: ಇದು ಸುಳ್ಳು. ನೂರು ಗ್ರಾಂ ಬೀಟ್‌ರೂಟಿನಲ್ಲಿ ಇರುವ ಕಬ್ಬಿಣಾಂಶ ಒಂದು ಮಿಲಿಗ್ರಾಂಗಿಂತಲೂ ಕಡಿಮೆ, ಶಾಲೆಯಲ್ಲಿ ಕೊಡುವ ಒಂದು ನೀಲಿ ಮಾತ್ರೆಯಲ್ಲಿ ಇರುವುದು 60 ಮಿಲಿಗ್ರಾಂ. ಸರಿಯಾಗಿ ಮಾತ್ರೆ ನುಂಗಿದವರಲ್ಲೂ ಹಿಮೋಗ್ಲೋಬಿನ್ ತಿಂಗಳಿಗೆ ಒಂದರಿಂದ ಎರಡು ಗ್ರಾಂ ಮಾತ್ರ ಏರುತ್ತದೆ. ಬೀಟ್‌ರೂಟ್, ಖರ್ಜೂರ, ಬೆಲ್ಲ ಆಹಾರವಾಗಿ ಒಳ್ಳೆಯವು, ತಿನ್ನಲಿ. ಅವನ್ನು ಚಿಕಿತ್ಸೆ ಎಂದು ಕರೆದು ಮಾತ್ರೆ ಬಿಡಿಸಿದರೆ ಆಗುವ ಹಾನಿಯನ್ನು ನಾನು ಹೆರಿಗೆ ಕೋಣೆಯಲ್ಲಿ ನೋಡುತ್ತಿದ್ದೇನೆ.

ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ, ಯಾದಗಿರಿ ಜಿಲ್ಲೆ: ಮೇಡಂ, ನಮ್ಮ ಒಂಬತ್ತನೆಯ ತರಗತಿಯಲ್ಲಿ ಹದಿನಾಲ್ಕು ವರ್ಷದ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಪ್ರಾರ್ಥನೆಯ ಸಮಯದಲ್ಲಿ ಎರಡು ಬಾರಿ ತಲೆಸುತ್ತಿ ಬಿದ್ದಳು. ಮೇಲಿನ ಮಹಡಿಯ ತರಗತಿಗೆ ಹತ್ತುವಾಗ ನಡುವೆ ನಿಂತು ಏದುಸಿರು ಬಿಡುತ್ತಾಳೆ. ಚೀಲದಲ್ಲಿ ಬಳಪದ ಚೂರುಗಳಿರುತ್ತವೆ, ಅವನ್ನು ತಿನ್ನುತ್ತಾಳೆಂದು ಗೆಳತಿಯರು ಹೇಳಿದರು. ಕಳೆದ ತಿಂಗಳು ಶಾಲೆಗೆ ಬಂದ ಆರೋಗ್ಯ ತಪಾಸಣಾ ತಂಡದವರು ಹಿಮೋಗ್ಲೋಬಿನ್ 6.4 ಎಂದು ಚೀಟಿಯಲ್ಲಿ ಬರೆದು, ಆಸ್ಪತ್ರೆಗೆ ಕರೆದೊಯ್ಯುವಂತೆ ಸೂಚಿಸಿ ಹೋದರು. ಮನೆಯವರು ಕರೆದೊಯ್ದಿಲ್ಲ. ಮುಟ್ಟು ಹತ್ತು ಹನ್ನೆರಡು ದಿನ ಇರುತ್ತದೆ, ರಾತ್ರಿಯೂ ಎದ್ದು ಬಟ್ಟೆ ಬದಲಿಸಬೇಕಾಗುತ್ತದೆ ಎಂದು ನನ್ನೊಬ್ಬಳ ಬಳಿ ಹೇಳಿಕೊಂಡಳು. ಆ ದಿನಗಳಲ್ಲಿ ಶಾಲೆಗೆ ಬರುವುದಿಲ್ಲ. ಆರನೆಯ ತರಗತಿಯವರೆಗೆ ಚುರುಕಾಗಿದ್ದವಳು ಈಗ ಪಾಠದಲ್ಲಿ ಹಿಂದೆ ಬಿದ್ದಿದ್ದಾಳೆ. ಮನೆಗೆ ಹೋಗಿ ಮಾತನಾಡಿಸಿದೆ. ಹತ್ತಿ ಬಿಡಿಸುವ ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದು ತಂದೆ ಹೇಳಿದರು. ಮದುವೆಯಾದರೆ ಮುಟ್ಟು ತಾನಾಗಿಯೇ ಸರಿಹೋಗುತ್ತದೆ ಎಂಬುದು ಅಜ್ಜಿಯ ಮಾತು. ಅವಳಿಗೆ ಓದುವ ಶಕ್ತಿಯಿಲ್ಲ, ಈ ವರ್ಷಕ್ಕೆ ಬಿಡಿಸುತ್ತೇವೆ ಎಂಬ ಮಾತೂ ಬಂತು. ಇದೇ ಮನೆಯ ಕಿರಿಯ ಮಗನಿಗೆ ಜ್ವರ ಬಂದಾಗ ಬಾಡಿಗೆ ವಾಹನ ಮಾಡಿ ಖಾಸಗಿ ಆಸ್ಪತ್ರೆಗೆ ಕರೆದೊಯ್ದಿದ್ದರು. ನಾನು ಏನು ಮಾಡಬೇಕು?

ವೈದ್ಯೆ: ಟೀಚರ್, ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ನಿಮಗೆ ಉತ್ತರಿಸುತ್ತಿದ್ದೇನೆ. ಈ ವಯಸ್ಸಿನಲ್ಲಿ 8ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ ಎಂದೇ ಪರಿಗಣಿಸುತ್ತೇವೆ. 6.4 ಒಂದು ತಿಂಗಳ ಹಿಂದಿನದು, ಅದಾದ ಮೇಲೆ ಇನ್ನೊಂದು ಮುಟ್ಟು ಕಳೆದಿರಬೇಕು, ಹಾಗಾಗಿ ಈಗ ಇನ್ನೂ ಇಳಿದಿರಬಹುದು. ಮನೆಯಲ್ಲಿ ಮಾತ್ರೆ ಕೊಟ್ಟು ಕಾಯುವ ಹಂತ ಇದಲ್ಲ. ನಾಳೆಯೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಕುಳಿತಲ್ಲಿಯೇ ಉಸಿರು ಸಿಕ್ಕಿಕೊಂಡರೆ, ಎದೆ ಹೊಡೆದುಕೊಂಡರೆ, ಕಾಲು ಬಾತುಕೊಂಡಿದ್ದರೆ, ಮತ್ತೆ ಪ್ರಜ್ಞೆ ತಪ್ಪಿದರೆ ನಾಳೆಯವರೆಗೂ ಕಾಯದೆ 108ಕ್ಕೆ ಕರೆ ಮಾಡಿ. ರಕ್ತ ಇಷ್ಟು ತೆಳುವಾದಾಗ ಅದನ್ನು ದೇಹಕ್ಕೆಲ್ಲ ಮುಟ್ಟಿಸಲು ಹೃದಯ ಮಿತಿಮೀರಿ ದುಡಿಯುತ್ತದೆ, ಒಂದು ದಿನ ಸೋಲುತ್ತದೆ.

ಬಳಪ ತಿನ್ನುವುದಕ್ಕೆ ಯಾರೂ ಅವಳನ್ನು ಗದರಿಸಬಾರದು. ಬಳಪ, ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನಬೇಕೆನಿಸುವುದು ಕಬ್ಬಿಣಾಂಶದ ಕೊರತೆಯ ಲಕ್ಷಣ. ಕೊರತೆ ನೀಗಿದಾಗ ಆ ಬಯಕೆ ತಾನಾಗಿ ಹೋಗುತ್ತದೆ.

ಆದರೆ ನನಗೆ ಹೆಚ್ಚು ಚಿಂತೆಯಾಗಿರುವುದು ರಕ್ತಸ್ರಾವದ ಬಗ್ಗೆ. ಮುಟ್ಟು ಆರಂಭವಾದ ಮೊದಲ ಒಂದೆರಡು ವರ್ಷ ಅದು ಹಿಂದುಮುಂದಾಗುವುದು ಸಾಮಾನ್ಯ. ಏಳು ದಿನ ಮೀರಿ ಹರಿಯುವುದು, ರಾತ್ರಿ ಎದ್ದು ಬಟ್ಟೆ ಬದಲಿಸಬೇಕಾಗುವುದು, ಹೆಪ್ಪುಗಟ್ಟಿದ ಗಡ್ಡೆಗಳು ಬೀಳುವುದು ಸಾಮಾನ್ಯವಲ್ಲ. ಇಂಥ ಹುಡುಗಿಯರಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ಟುವುದರಲ್ಲಿಯೇ ದೋಷವಿರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಕಡಿಮೆ ಇರಬಹುದು, ಅಥವಾ ಫಾನ್ ವಿಲ್ಲೆಬ್ರಾಂಡ್ ಎಂಬ ಹುಟ್ಟಿನಿಂದ ಬರುವ ತೊಂದರೆ ಇರಬಹುದು. ಮೂಗಿನಿಂದ ರಕ್ತ ಬರುತ್ತದೆಯೇ, ಹಲ್ಲುಜ್ಜುವಾಗ ಒಸಡಿನಿಂದ ಬರುತ್ತದೆಯೇ, ಪೆಟ್ಟು ಬೀಳದೆಯೂ ಚರ್ಮದ ಮೇಲೆ ನೀಲಿ ಕಲೆಗಳು ಏಳುತ್ತವೆಯೇ, ತಾಯಿಗೋ ಸೋದರತ್ತೆಗೋ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತೇ ಎಂದು ಕೇಳಿ ಒಂದು ಕಾಗದದಲ್ಲಿ ಬರೆದು ಕಳುಹಿಸಿ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ವೈದ್ಯರಿಗೆ ಆ ಕಾಗದವೇ ದೊಡ್ಡ ಸಹಾಯ. ಥೈರಾಯ್ಡ್ ಪರೀಕ್ಷೆಯೂ ಆಗಬೇಕು. ಗರ್ಭ ಪರೀಕ್ಷೆಯನ್ನೂ ಗೋಪ್ಯವಾಗಿ ಮಾಡುತ್ತಾರೆ. ಅದು ಅನುಮಾನದಿಂದ ಮಾಡುವುದಲ್ಲ, ಎಲ್ಲರಿಗೂ ಮಾಡುವ ಕ್ರಮ ಎಂದು ತಾಯಿಗೆ ಮೊದಲೇ ತಿಳಿಸಿ, ಇಲ್ಲವಾದರೆ ಅಲ್ಲಿಯೇ ಜಗಳವಾಗಿ ಹುಡುಗಿಯನ್ನು ವಾಪಸು ಕರೆತರುತ್ತಾರೆ. ರಕ್ತ ಏರಿಸುವ ನಿರ್ಧಾರವಾದರೆ, ಏರಿಸುವ ಮೊದಲೇ ಪರೀಕ್ಷೆಗಳಿಗೆ ರಕ್ತದ ಮಾದರಿ ತೆಗೆದಿರಬೇಕು. ಇನ್ನೊಬ್ಬರ ರಕ್ತ ಸೇರಿದ ಮೇಲೆ ಕಾರಣ ಹುಡುಕುವುದು ಕಷ್ಟ. ರಕ್ತಸ್ರಾವ ಹತೋಟಿಗೆ ಬರಲು ಮಾತ್ರೆಗಳಿವೆ. ಕೆಲವೊಮ್ಮೆ ಹಾರ್ಮೋನ್ ಮಾತ್ರೆ ಕೊಡುತ್ತೇವೆ, ಅದರಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ. ಮದುವೆಯಿಂದ ಇದು ವಾಸಿಯಾಗುವುದಿಲ್ಲ. ಈ ಸ್ಥಿತಿಯಲ್ಲಿ ಬಸಿರಾದರೆ ಹೆರಿಗೆಯಲ್ಲಿ ಹೋಗುವ ಅಲ್ಪ ರಕ್ತವನ್ನೂ ಅವಳ ದೇಹ ತಾಳಲಾರದು.

ತಂದೆಯ ಬಳಿ ಮೊದಲು ಮದುವೆಯ ವಿಷಯ ಎತ್ತಬೇಡಿ, ಹೃದಯದ ವಿಷಯ ಹೇಳಿ. ಶಾಲಾ ತಪಾಸಣೆಯ ಚೀಟಿ ಇರುವುದರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ ಎಂದು ತಿಳಿಸಿ. ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ ಎಂಬುದೇ ಅಡ್ಡಿಯಾದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕಳುಹಿಸಲು ಕೇಳಿ. ಮದುವೆಯ ದಿನಾಂಕವೇ ಗೊತ್ತಾಗಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಓದುವ ಶಕ್ತಿಯಿಲ್ಲ ಎಂದು ಅವಳ ಬಗ್ಗೆ ಮನೆಯವರು ತೀರ್ಮಾನಿಸಿದ್ದಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಗಮನವಿಡಲು, ನೆನಪಿಟ್ಟುಕೊಳ್ಳಲು ಮಿದುಳಿಗೂ ಕಬ್ಬಿಣಾಂಶ ಬೇಕು. ಆರನೆಯ ತರಗತಿಯವರೆಗೆ ಚುರುಕಾಗಿದ್ದವಳು ಈಗ ಹಿಂದೆ ಬಿದ್ದಿದ್ದಾಳೆ ಎಂದು ನೀವೇ ಬರೆದಿದ್ದೀರಿ. ರೋಗವನ್ನು ರೋಗವೆಂದು ಎಣಿಸದೆ ದಡ್ಡತನವೆಂದು ಎಣಿಸಿ, ಆ ದಡ್ಡತನವನ್ನೇ ಶಾಲೆ ಬಿಡಿಸಲು ಕಾರಣ ಮಾಡಿ, ಶಾಲೆ ಬಿಟ್ಟವಳನ್ನು ಎಷ್ಟು ದಿನ ಮನೆಯಲ್ಲಿಟ್ಟುಕೊಳ್ಳುವುದೆಂದು ಮದುವೆ ಮಾಡಿ, ಅದೇ ರಕ್ತಹೀನತೆಯೊಂದಿಗೆ ಅವಳನ್ನು ನನ್ನ ಹೆರಿಗೆ ಕೋಣೆಗೆ ಕಳುಹಿಸುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59.1ರಷ್ಟು, ಅದೇ ವಯಸ್ಸಿನ ಹುಡುಗರಲ್ಲಿ ಶೇ 31.1ರಷ್ಟು ರಕ್ತಹೀನತೆ ಇದೆ. ಈ ಅಂತರಕ್ಕೆ ಮುಟ್ಟು ಒಂದು ಕಾರಣ, ಅದೊಂದೇ ಅಲ್ಲ. ಆ ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ಇವಳು ಉಣ್ಣುವ ಹೊತ್ತಿಗೆ ಪಾತ್ರೆಯಲ್ಲಿ ಪಲ್ಯ ಉಳಿದಿರುತ್ತದೆಯೇ ಎಂದು ಒಮ್ಮೆ ಕೇಳಿ ನೋಡಿ.

ಸದಸ್ಯರು, ಬೆಂಗಳೂರು: ವೈದ್ಯರ ಬಗ್ಗೆ ಗೌರವವಿದೆ. ಆದರೆ ಒಂದು ಮನೆಯ ಕಥೆಯಿಂದ ಇಡೀ ಸಮಾಜವನ್ನು ದೂರುವುದು ಸರಿಯೇ? 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಹುಡುಗಿಯರು ಶೇ 81.11, ಹುಡುಗರು ಶೇ 65.90. ಪ್ರತಿ ವರ್ಷ ಇದೇ ಕಥೆ. ಶಿಕ್ಷಣದಲ್ಲಿ ಹಿಂದೆ ಬಿದ್ದಿರುವವರು ಗಂಡುಮಕ್ಕಳು.

ನಿವೃತ್ತ ಮುಖ್ಯೋಪಾಧ್ಯಾಯರು, ಹಾವೇರಿ: ಸ್ವಾಮಿ, ಅದು ಪರೀಕ್ಷೆಗೆ ಕುಳಿತವರ ಲೆಕ್ಕ. ಟೀಚರ್ ಹೇಳಿದ ಹುಡುಗಿ ಈ ವರ್ಷ ಶಾಲೆ ಬಿಟ್ಟರೆ ನಿಮ್ಮ ಶೇಕಡಾವಾರಿನ ಮೇಲೂ ಬರುವುದಿಲ್ಲ, ಕೆಳಗೂ ಬರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕು ವರ್ಷಕ್ಕೆ ಕೈಬಿಡುತ್ತದೆ. ಎಂಟನೆಯ ತರಗತಿ ಮುಗಿದು ಪ್ರೌಢಶಾಲೆ ಬೇರೆ ಊರಿನಲ್ಲಿದ್ದರೆ ಹುಡುಗಿಯ ಓದು ಅಲ್ಲಿಗೆ ನಿಲ್ಲುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಪುರುಷರ ಸಾಕ್ಷರತೆ ಸುಮಾರು ಶೇ 62, ಮಹಿಳೆಯರದು ಸುಮಾರು ಶೇ 41. ಆ ನಿರಕ್ಷರಿ ತಾಯಂದಿರ ಮಕ್ಕಳೇ ಇಂದು ಪ್ರೌಢಶಾಲೆಯಲ್ಲಿರುವವರು.

ಸದಸ್ಯರು, ಬೆಂಗಳೂರು: ಗುರುಗಳೇ, ಪ್ರೌಢಶಾಲೆಯ ಹಂತದಲ್ಲಿ ಹುಡುಗರೂ ಶಾಲೆ ಬಿಟ್ಟು ಗ್ಯಾರೇಜು, ಹೋಟೆಲು ಸೇರುತ್ತಾರೆ. ಅವರ ಬಗ್ಗೆ ಈ ಗುಂಪಿನಲ್ಲಿ ಯಾರೂ ಒಂದು ಸಾಲು ಬರೆಯುವುದಿಲ್ಲ.

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ: ಬರೆಯಬೇಕು, ಒಪ್ಪುತ್ತೇನೆ. ಆದರೆ ಕಾರಣಗಳು ಬೇರೆಯಾದಾಗ ಪರಿಹಾರಗಳೂ ಬೇರೆಯಾಗುತ್ತವೆ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದಾಗ ಹುಡುಗಿಯರ ಪ್ರೌಢಶಾಲಾ ಪ್ರವೇಶ ಶೇ 32ರಷ್ಟು ಹೆಚ್ಚಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿಯೇ ಹೆಚ್ಚಿನ ಪರಿಣಾಮ ಕಂಡಿತು. ಬಾಂಗ್ಲಾದೇಶ 1994ರಲ್ಲಿಯೇ ಗ್ರಾಮೀಣ ಪ್ರೌಢಶಾಲೆಗಳ ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಡಲಾರಂಭಿಸಿತು. ಶೇ 75 ಹಾಜರಾತಿ, ಶೇ 45 ಅಂಕ, ಜೊತೆಗೆ ಮದುವೆಯಾಗಿರಬಾರದು ಎಂಬ ಮೂರು ಷರತ್ತುಗಳು ಅದಕ್ಕಿದ್ದವು.

ನಿವೃತ್ತ ಮುಖ್ಯೋಪಾಧ್ಯಾಯರು, ಹಾವೇರಿ: ನಮ್ಮಲ್ಲಿಯೂ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದರು, ಅದು ನಿಂತುಹೋಯಿತು. ಅದು ನಿಂತಾಗ ಬೆಂಗಳೂರಿನವರು ಯಾರೂ ಕೇಳಲಿಲ್ಲ.

ಸದಸ್ಯರು, ಬೆಂಗಳೂರು: ಈಗ ಬಸ್ಸೇ ಉಚಿತವಾಗಿದೆಯಲ್ಲ? 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಎಲ್ಲ ಸೌಲಭ್ಯವನ್ನೂ ಹೆಣ್ಣುಮಕ್ಕಳಿಗೇ ಕೊಟ್ಟ ಮೇಲೂ ದೂರು ಮುಗಿಯುವುದಿಲ್ಲ ಎಂದರೆ ಹೇಗೆ?

ನಿವೃತ್ತ ಮುಖ್ಯೋಪಾಧ್ಯಾಯರು, ಹಾವೇರಿ: ಬಸ್ಸು ಊರಿಗೆ ಬಂದರಲ್ಲವೇ ಉಚಿತದ ಮಾತು? ಶಾಲೆ ಬಿಡುವ ಹೊತ್ತಿಗೆ ಬಸ್ಸಿಲ್ಲದೆ ಕತ್ತಲಾದ ಮೇಲೆ ಮನೆ ಸೇರಿದ ಮಗಳನ್ನು ಯಾವ ತಂದೆಯೂ ಎರಡನೆಯ ದಿನ ಕಳುಹಿಸುವುದಿಲ್ಲ. ನೀವು ಒಮ್ಮೆ ಬಂದು ನೋಡಿ, ಆಮೇಲೆ ವಾದಿಸಿ.

ಗರ್ಭಿಣಿ, ಸಿಂಧನೂರು: ಮೇಡಂ, ನನಗೆ ಐದನೆಯ ತಿಂಗಳು. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎಂದು ಅತ್ತೆ ಬೇಡವೆನ್ನುತ್ತಾರೆ.

ವೈದ್ಯೆ: ಆಗುವುದಿಲ್ಲ. ದಿನವೂ ನುಂಗಿ.

ಸದಸ್ಯೆ, ಮಂಡ್ಯ: ಮಾತ್ರೆಯನ್ನು ಕಾಫಿಯ ಜೊತೆ ಕೊಡಬಹುದೇ? ನನ್ನ ಮಗಳು ನೀರಿನಲ್ಲಿ ನುಂಗುವುದಿಲ್ಲ.

ವೈದ್ಯೆ: ಕೊಡಬಾರದು. ಮೊದಲ ಉತ್ತರದಲ್ಲಿಯೇ ಬರೆದಿದ್ದೇನೆ.

ಸದಸ್ಯೆ, ಕಲಬುರಗಿ ಜಿಲ್ಲೆ: ನನ್ನ ನಾದಿನಿಗೆ ಇಪ್ಪತ್ತೊಂಬತ್ತು ವರ್ಷ, ಎರಡು ಮಕ್ಕಳು. ಬಿಳಿಸೆರಗು ಮತ್ತು ಸೊಂಟನೋವಿಗೆಂದು ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿದ್ದಳು. ಒಂದು ಸ್ಕ್ಯಾನಿಂಗ್ ಮಾಡಿ, ಗರ್ಭಕೋಶ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದರಂತೆ. ಮನೆಯವರು ಸಾಲ ಮಾಡಿ ಮುಂದಿನ ವಾರ ಆಪರೇಷನ್ ಮಾಡಿಸಲು ಹೊರಟಿದ್ದಾರೆ.

ವೈದ್ಯೆ: ತಂಗಿ, ಆ ಆಪರೇಷನ್ ಈಗ ಬೇಡ. ಬಿಳಿಸೆರಗು ಗರ್ಭಕೋಶ ತೆಗೆಯಲು ಕಾರಣವಲ್ಲ. ಬಹುಪಾಲು ಅದು ಸೋಂಕು, ಮಾತ್ರೆಯಿಂದ ಗುಣವಾಗುತ್ತದೆ. ಗಂಡನಿಗೂ ಚಿಕಿತ್ಸೆ ಬೇಕಾಗಬಹುದು. ಕ್ಯಾನ್ಸರ್ ಅನುಮಾನವಿದ್ದರೆ ಗರ್ಭಕೊರಳಿನ ಪರೀಕ್ಷೆ ಮಾಡಿ ತಿಳಿಯುತ್ತಾರೆ, ಹೆದರಿಸಿ ತಿಳಿಯುವುದಲ್ಲ. ನಿಮ್ಮ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಹೀಗೆಯೇ ತೆಗೆದ ವಿಷಯ ಹತ್ತು ವರ್ಷಗಳ ಹಿಂದೆ ಬೆಳಕಿಗೆ ಬಂದು ದೊಡ್ಡ ಹೋರಾಟ ನಡೆಯಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದರ ಮೇಲೆ ನಿಗಾ ಇಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿದೆ. ಆ ವಯಸ್ಸಿನಲ್ಲಿ ಅಂಡಾಶಯವೂ ಹೋದರೆ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆ ಬೇಗ ಬರುತ್ತದೆ, ದುಡಿಯುವ ಹೆಣ್ಣು ನಲವತ್ತಕ್ಕೇ ಕುಸಿಯುತ್ತಾಳೆ. ಸ್ಕ್ಯಾನಿಂಗ್ ವರದಿ ಹಿಡಿದುಕೊಂಡು ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಸ್ತ್ರೀರೋಗ ವಿಭಾಗದಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳಿ. ಹುಡುಗಿಯಾಗಿದ್ದಾಗ ಅವಳ ಕಾಯಿಲೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ, ಮಕ್ಕಳಾದ ಮೇಲೆ ಅಂಗವನ್ನೇ ತೆಗೆಸಿ ಸಮಸ್ಯೆ ಮುಗಿಸಲು ಹೊರಡುತ್ತಾರೆ. ಗಂಡಸಿನ ದೇಹದ ಬಗ್ಗೆ ಇಷ್ಟು ಸುಲಭವಾಗಿ ಯಾರೂ ತೀರ್ಮಾನ ಮಾಡುವುದಿಲ್ಲ. ಮೊದಲು ಹೇಳಿದ ಸಮೀಕ್ಷೆಯಲ್ಲಿಯೇ ಸಂತಾನಹರಣ ಶಸ್ತ್ರಚಿಕಿತ್ಸೆಯ ಅಂಕಿಗಳನ್ನು ನೋಡಿ: ಹೆಂಗಸರದು ಶೇ 37.9, ಗಂಡಸರದು ಶೇ 0.3. ಗಂಡಸರದು ಚಿಕ್ಕದೂ ಸುರಕ್ಷಿತವೂ ಆದ ಆಪರೇಷನ್.

ತಂದೆ, ತುಮಕೂರು: ಹನ್ನೊಂದು ವರ್ಷದ ಮಗಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಬೇಕೇ, ಅದರ ಖರ್ಚು ಎಷ್ಟಾಗುತ್ತದೆ ಎಂದು ದಯವಿಟ್ಟು ತಿಳಿಸಿ.

ಸದಸ್ಯರು, ಶಿವಮೊಗ್ಗ: ವೈದ್ಯರು ಸಂಪ್ರದಾಯದ ಆಹಾರವನ್ನು ತಿರಸ್ಕರಿಸುವುದು ಬೇಸರ ತಂದಿತು. ಶಾಲೆಯಲ್ಲಿ ಮಾತ್ರೆ ನುಂಗಿದ ಮಕ್ಕಳು ವಾಂತಿ ಮಾಡಿಕೊಂಡರೆಂದು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ರಾಸಾಯನಿಕಕ್ಕಿಂತ ರಾಗಿ ಉತ್ತಮ. ಇನ್ನೊಂದು ಸಂದೇಶ ಕಳುಹಿಸುತ್ತಿದ್ದೇನೆ: ಪಪ್ಪಾಯಿ ಬೀಜದ ಪುಡಿಯನ್ನು ಜೇನಿನಲ್ಲಿ ಕಲಸಿ ಮೂರು ದಿನ ತಿಂದರೆ ಅತಿಯಾದ ಮುಟ್ಟು ನಿಲ್ಲುತ್ತದೆ.

ವೈದ್ಯೆ: ಈ ಪುಡಿಯನ್ನು ಯಾರೂ ಯಾವ ಹುಡುಗಿಗೂ ಕೊಡಬೇಡಿ. ಅತಿಯಾದ ರಕ್ತಸ್ರಾವದ ಹುಡುಗಿಯೊಬ್ಬಳು ಆಸ್ಪತ್ರೆಗೆ ಹೋಗಬೇಕಾದ ದಿನ, ಅವಳ ಮನೆಯವರ ಮೊಬೈಲಿಗೆ ಇಂಥ ಸಂದೇಶ ಬಂದು ಮೂರು ದಿನ ಕಾಯಿಸಿದರೆ ಏನಾಗುತ್ತದೆ ಎಂದು ನೀವು ಯೋಚಿಸಿದ್ದೀರಾ? ಮಾತ್ರೆಯಿಂದ ವಾಂತಿಯಾಗುವುದು ಮುಖ್ಯವಾಗಿ ಖಾಲಿ ಹೊಟ್ಟೆಯಲ್ಲಿ ಕೊಟ್ಟಾಗ, ಆದ್ದರಿಂದಲೇ ಬಿಸಿಯೂಟದ ನಂತರ ಕೊಡಬೇಕು. ರಾಗಿಯಲ್ಲಿ ಸುಣ್ಣದಂಶ ಚೆನ್ನಾಗಿದೆ, ಕಬ್ಬಿಣಾಂಶಕ್ಕೆ ಅದೊಂದನ್ನೇ ನಂಬುವಂತಿಲ್ಲ. ಇನ್ನೊಂದು ಸಂದೇಶ ಹಾಕಿದರೆ ನಾನು ಉತ್ತರಿಸುವುದಿಲ್ಲ, ನಿರ್ವಾಹಕಿಯವರು ನೋಡಿಕೊಳ್ಳಲಿ.

ಆಶಾ ಕಾರ್ಯಕರ್ತೆ, ದೇವದುರ್ಗ: ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕಳುಹಿಸಿ ಎಂದು ಮೇಡಂ ಬರೆದಿದ್ದಾರೆ. ನಾನು ಹೋಗುತ್ತೇನೆ, ಹೋಗಿದ್ದೇನೆ. ಗರ್ಭಿಣಿಯನ್ನು ಕರೆದೊಯ್ದರೆ ಪ್ರೋತ್ಸಾಹಧನವಿದೆ. ಹದಿನಾಲ್ಕು ವರ್ಷದ ಹುಡುಗಿಯೊಂದಿಗೆ ಇಡೀ ದಿನ ಜಿಲ್ಲಾ ಆಸ್ಪತ್ರೆಯಲ್ಲಿ ಕುಳಿತರೆ ನನ್ನ ಆ ದಿನದ ಲೆಕ್ಕ ಯಾರು ಕೊಡುತ್ತಾರೆ? ನಾನೂ ಹೆಣ್ಣೇ, ನನ್ನ ಮನೆಯಲ್ಲಿಯೂ ಹೆಣ್ಣುಮಕ್ಕಳಿದ್ದಾರೆ.

ಸದಸ್ಯೆ, ಬೀದರ್: ಬಿಸಿಯೂಟದಲ್ಲಿ ಮೊಟ್ಟೆ ಕೊಡಲಾರಂಭಿಸಿದ ಮೇಲೆ ನಮ್ಮ ಶಾಲೆಯ ಹೆಣ್ಣುಮಕ್ಕಳ ಮುಖದಲ್ಲಿ ಕಳೆ ಬಂದಿದೆ. ಮೊಟ್ಟೆಯಿಂದ ರಕ್ತ ಹೆಚ್ಚುತ್ತದೆಯೇ ಮೇಡಂ?

ಸದಸ್ಯರು, ಬೆಂಗಳೂರು: ಮೊಟ್ಟೆ ತಿನ್ನದ ಮನೆಗಳ ಮಕ್ಕಳಿಗೆ ಇದು ಒತ್ತಡವಾಗುತ್ತದೆ. ಸೊಪ್ಪು, ಕಾಳುಗಳಲ್ಲಿ ಇಲ್ಲದ್ದು ಮೊಟ್ಟೆಯಲ್ಲಿ ಏನಿದೆ?

ಸದಸ್ಯೆ, ಬೀದರ್: ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ, ಯಾರ ಬಾಯಿಗೂ ತುರುಕುವುದಿಲ್ಲ. ಮನೆಯಲ್ಲಿ ಕೋಳಿ ಸಾಕಿದರೂ ಮೊಟ್ಟೆ ಗಂಡುಮಕ್ಕಳ ತಟ್ಟೆಗೆ ಹೋಗುತ್ತದೆ. ಶಾಲೆಯಲ್ಲಿ ಮಾತ್ರ ಅದು ತಲೆಗೊಂದರಂತೆ ಎಣಿಸಿ ಬರುತ್ತದೆ. ನಮ್ಮ ಹೆಣ್ಣುಮಕ್ಕಳು ಏನು ತಿನ್ನಬೇಕೆಂದು ನೀವು ಹೇಳಬೇಡಿ.

ಸದಸ್ಯರು, ಬೆಂಗಳೂರು: ನಾನು ಯಾರಿಗೂ ಏನನ್ನೂ ಹೇಳಿಲ್ಲ. ಇಲ್ಲಿ ಪ್ರಶ್ನೆ ಕೇಳಿದವರನ್ನೆಲ್ಲ ಹೆಣ್ಣುಮಕ್ಕಳ ವೈರಿಗಳೆಂದು ನೋಡುತ್ತಿದ್ದೀರಿ.

ನಿವೃತ್ತ ಮುಖ್ಯೋಪಾಧ್ಯಾಯರು, ಹಾವೇರಿ: ನೀವು ಕೇಳುತ್ತಿರುವುದು ಪ್ರಶ್ನೆಯಲ್ಲ, ಅಡ್ಡಗಾಲು.

ನಿರ್ವಾಹಕಿ: ಇಬ್ಬರೂ ಮಾತಿನ ಮೇಲೆ ಹಿಡಿತವಿಟ್ಟುಕೊಳ್ಳಬೇಕು. ಇನ್ನೊಮ್ಮೆ ಹೀಗಾದರೆ ಪ್ರತಿಕ್ರಿಯೆಗಳನ್ನು ನಿಲ್ಲಿಸಬೇಕಾಗುತ್ತದೆ.

ವೈದ್ಯೆ: ಮೊಟ್ಟೆಯಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಹತ್ತುವುದಿಲ್ಲ, ಆದ್ದರಿಂದ ರಕ್ತಹೀನತೆಗೆ ಅದೇ ಮದ್ದು ಎನ್ನಲಾರೆ. ಅದರಲ್ಲಿರುವ ಪ್ರೋಟೀನ್ ಮತ್ತು ವಿಟಮಿನ್ ಬಿ12 ಬೆಳೆಯುವ ಮಕ್ಕಳಿಗೆ ಅಗತ್ಯ. ಬಿ12 ಕೊರತೆಯಿಂದಲೂ ರಕ್ತಹೀನತೆ ಬರುತ್ತದೆ, ಸೊಪ್ಪು ಕಾಳುಗಳಲ್ಲಿ ಬಿ12 ಇಲ್ಲ. ಮೊಟ್ಟೆ ತಿನ್ನದ ಮನೆಯ ಹುಡುಗಿಗೆ ಮೂರು ತಿಂಗಳು ಕಬ್ಬಿಣಾಂಶ ಕೊಟ್ಟರೂ ಹಿಮೋಗ್ಲೋಬಿನ್ ಏರದಿದ್ದರೆ ಬಿ12 ಪರೀಕ್ಷೆ ಮಾಡಿಸಿ. ಬೀದರಿನ ಅಕ್ಕ ಬರೆದ ತಟ್ಟೆಯ ಮಾತನ್ನು ಎಲ್ಲರೂ ಇನ್ನೊಮ್ಮೆ ಓದಿ. ಮನೆಯ ಅಡುಗೆಯಲ್ಲಿ ಪಾಲು ಸಿಗದ ಹುಡುಗಿಗೆ ಶಾಲೆಯ ಊಟವೇ ದಿನದ ಒಳ್ಳೆಯ ಊಟ. ಆದುದರಿಂದ ಶಾಲೆ ಬಿಡಿಸುವುದೆಂದರೆ ಓದನ್ನಷ್ಟೇ ಅಲ್ಲ, ಆ ಊಟವನ್ನೂ, ನೀಲಿ ಮಾತ್ರೆಯನ್ನೂ, ವರ್ಷಕ್ಕೊಮ್ಮೆ ಬರುವ ತಪಾಸಣಾ ತಂಡವನ್ನೂ ಒಟ್ಟಿಗೆ ತಪ್ಪಿಸಿದಂತೆ. ಈ ಹುಡುಗಿಯ 6.4 ಬೆಳಕಿಗೆ ಬಂದದ್ದು ಅವಳು ಶಾಲೆಯಲ್ಲಿ ಇದ್ದುದರಿಂದಲೇ.

ಶಿಕ್ಷಕಿ, ಯಾದಗಿರಿ ಜಿಲ್ಲೆ: ಮೇಡಂ, ಮಧ್ಯಾಹ್ನ ಮತ್ತೆ ಮನೆಗೆ ಹೋಗಿದ್ದೆ. ಹೃದಯದ ಮಾತು ಕೇಳಿ ತಂದೆ ಹೆದರಿದ್ದಾರೆ. ಸಂತೆಯ ದಿನ ಕಳೆದು ನಾಲ್ಕು ದಿನದಲ್ಲಿ ಕರೆದೊಯ್ಯುತ್ತೇನೆ ಎನ್ನುತ್ತಾರೆ. ಬಾಲ್ಯದಲ್ಲಿ ಅವಳಿಗೆ ಮೂಗಿನಿಂದ ಆಗಾಗ ರಕ್ತ ಬರುತ್ತಿತ್ತೆಂದು ತಾಯಿ ಹೇಳಿದರು. ಕಾಲಿನಲ್ಲಿ ಸ್ವಲ್ಪ ಬಾವು ಇದೆ.

ವೈದ್ಯೆ: ನಾಲ್ಕು ದಿನ ಕಾಯುವಂತಿಲ್ಲ. ಕಾಲಿನ ಬಾವು ಎಂದರೆ ಹೃದಯ ಸೋಲಲಾರಂಭಿಸಿರಬಹುದು. ಈಗಲೇ 108ಕ್ಕೆ ಕರೆ ಮಾಡಿ, ಹದಿನಾಲ್ಕು ವರ್ಷ, ತೀವ್ರ ರಕ್ತಹೀನತೆ, ಕಾಲುಬಾವು, ಏದುಸಿರು ಎಂದು ಇದೇ ಕ್ರಮದಲ್ಲಿ ಹೇಳಿ. ತಂದೆ ಸಿಗದಿದ್ದರೆ ತಾಯಿ ಹೊರಡಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ನಿಲ್ಲದೆ ರಕ್ತನಿಧಿ ಇರುವ ಜಿಲ್ಲಾ ಆಸ್ಪತ್ರೆಗೇ ಹೋಗಲಿ. ಮೂಗಿನ ರಕ್ತದ ವಿಷಯವನ್ನು ಮೊದಲ ಸಾಲಿನಲ್ಲಿಯೇ ಬರೆದುಕೊಡಿ. ಆಸ್ಪಿರಿನ್, ಬ್ರೂಫೆನ್‌ನಂಥ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ, ಅವು ರಕ್ತಸ್ರಾವ ಹೆಚ್ಚಿಸುತ್ತವೆ.

ತಾಯಿ, ಬೆಂಗಳೂರು: ಮೇಡಂ, ನನ್ನ ಪ್ರಶ್ನೆ ಬಿಟ್ಟುಹೋಗಿದೆ. ಮಗಳಿಗೆ ಪಿಸಿಓಡಿ (ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ) ಎಂದಿದ್ದಾರೆ, ಎರಡನೆಯ ಬಾರಿ ಕೇಳುತ್ತಿದ್ದೇನೆ.

ಸದಸ್ಯೆ, ಹೊಸಪೇಟೆ: ಎಲ್ಲರೂ ಸ್ವಲ್ಪ ಸುಮ್ಮನಿರಿ, ಆ ಹುಡುಗಿ ಮೊದಲು ಆಸ್ಪತ್ರೆ ಸೇರಲಿ.

ತಾಯಿ, ಬೆಂಗಳೂರು: ನನ್ನ ಮಗಳೂ ಹುಡುಗಿಯೇ ತಾನೆ.

ಶಿಕ್ಷಕಿ, ಯಾದಗಿರಿ ಜಿಲ್ಲೆ: ಜಿಲ್ಲಾ ಆಸ್ಪತ್ರೆಗೆ ದಾಖಲಾಗಿದ್ದಾಳೆ. ಹಿಮೋಗ್ಲೋಬಿನ್ 5.1 ಇದೆಯಂತೆ. ಪರೀಕ್ಷೆಗೆ ರಕ್ತ ತೆಗೆದುಕೊಂಡ ಮೇಲೆಯೇ ನಿಧಾನವಾಗಿ ರಕ್ತ ಏರಿಸುತ್ತಿದ್ದಾರೆ. ತಾಯಿ ಜೊತೆಗಿದ್ದಾರೆ, ತಂದೆಯೂ ರಾತ್ರಿ ಬಂದರು. ಪ್ಲೇಟ್‌ಲೆಟ್ ಸರಿಯಾಗಿದೆ ಎಂದರು, ಉಳಿದ ಪರೀಕ್ಷೆಗೆ ಮಾದರಿಯನ್ನು ಹೊರಗೆ ಕಳುಹಿಸುತ್ತಾರಂತೆ. ಹಾಜರಾತಿ ಕಡಿಮೆಯಾದರೆ ಏನು ಮಾಡಲಿ?

ವೈದ್ಯೆ: ಪ್ಲೇಟ್‌ಲೆಟ್ ಸರಿಯಿದ್ದು ಮೂಗಿನಿಂದಲೂ ರಕ್ತ ಬರುತ್ತಿದ್ದರೆ ಫಾನ್ ವಿಲ್ಲೆಬ್ರಾಂಡ್ ಪರೀಕ್ಷೆಯ ಫಲಿತಾಂಶ ಬರುವವರೆಗೆ ಬಿಡಬೇಡಿ. ರಕ್ತ ಏರಿಸಿದ ಮೇಲೆ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಮನೆಯವರು ವಾಸಿಯಾಯಿತೆಂದು ಕರೆದೊಯ್ಯುತ್ತಾರೆ, ಮೂರು ತಿಂಗಳಲ್ಲಿ ಮತ್ತೆ ಇಲ್ಲಿಗೇ ಬರುತ್ತಾರೆ. ಮುಂದಿನ ಮುಟ್ಟಿಗೆ ಬೇಕಾದ ಮಾತ್ರೆ ಕೈಯಲ್ಲಿದ್ದರೆ ಮಾತ್ರ ಬಿಡುಗಡೆಗೆ ಒಪ್ಪಲು ತಾಯಿಗೆ ಹೇಳಿ. ಹಾಜರಾತಿಗೆ ಆಸ್ಪತ್ರೆಯ ಪ್ರಮಾಣಪತ್ರ ಪಡೆದು ಮುಖ್ಯೋಪಾಧ್ಯಾಯರಿಗೆ ಕೊಡಿ, ಹೆಸರು ತೆಗೆಯಲು ಬಿಡಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಹುಡುಗಿಯರ ಸರ್ಕಾರಿ ವಸತಿ ಶಾಲೆಯಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಅಥವಾ ಹುಡುಗಿಯರ ಹಾಸ್ಟೆಲ್ ಇದ್ದರೆ ಈ ವರ್ಷವೇ ಅರ್ಜಿ ಹಾಕಿಸಿ. ಮದುವೆಯ ಮಾತು ಮತ್ತೆ ಬಂದರೆ, ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂಬುದನ್ನು ತಂದೆಗೆ ತಿಳಿಸಿ.

ಸದಸ್ಯರು, ಶಿವಮೊಗ್ಗ: ಆಸ್ಪತ್ರೆಯಿಂದ ಬಂದ ಮೇಲಾದರೂ ಬೀಟ್‌ರೂಟ್ ರಸ ಕೊಡಲು ಹೇಳಿ.

ನಿರ್ವಾಹಕಿ: ಈ ಸದಸ್ಯರ ಪ್ರತಿಕ್ರಿಯೆಗಳನ್ನು ಒಂದು ವಾರ ತಡೆಹಿಡಿಯಲಾಗಿದೆ. ವೈದ್ಯರ ಸಮಯ ಮುಗಿಯುತ್ತಿದೆ, ಇನ್ನೊಂದು ಪ್ರಶ್ನೆಗೆ ಮಾತ್ರ ಅವಕಾಶ.

ತಂದೆ, ದಾವಣಗೆರೆ: ಮಗಳಿಗೆ ಹದಿನೇಳು ವರ್ಷ, ಹಿಮೋಗ್ಲೋಬಿನ್ 10. ದ್ವಿತೀಯ ಪಿಯುಸಿಯ ಜೊತೆ ನೀಟ್ ತರಬೇತಿಗೂ ಹೋಗುತ್ತಿದ್ದಾಳೆ, ಸುಸ್ತು ಎನ್ನುತ್ತಾಳೆ. ಈ ವರ್ಷ ತರಬೇತಿ ಬಿಡಿಸಿ, ಆರೋಗ್ಯ ಸುಧಾರಿಸಿದ ಮೇಲೆ ನೋಡಬಹುದೇ? ಅಣ್ಣನ ಎಂಜಿನಿಯರಿಂಗ್ ಶುಲ್ಕವೂ ಈ ವರ್ಷವೇ ಕಟ್ಟಬೇಕಾಗಿದೆ.

ವೈದ್ಯೆ: ಬಿಡಿಸಬೇಡಿ. ಆರೋಗ್ಯ ಸುಧಾರಿಸಲು ಓದು ನಿಲ್ಲಿಸಬೇಕಿಲ್ಲ, ಮಾತ್ರೆ ಕೊಡಿಸಬೇಕು. ಮೂರು ತಿಂಗಳು ಮಾತ್ರೆ, ಆಮೇಲೆ ರಕ್ತಪರೀಕ್ಷೆ, ಮುಟ್ಟು ಎಷ್ಟು ದಿನ ಇರುತ್ತದೆ ಎಂದು ಅವಳ ತಾಯಿ ಕೇಳಿ ಬರೆದಿಡಲಿ. ಶುಲ್ಕದ ವಿಷಯವನ್ನು ಆರೋಗ್ಯದ ವಿಷಯದೊಂದಿಗೆ ಸೇರಿಸಬೇಡಿ. ಅದು ಬೇರೆಯೇ ಲೆಕ್ಕ, ಅದನ್ನು ಇಬ್ಬರು ಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು ಮಾಡಿ.